ಎರಡನೇ ಸಲ ಯಾರೂ ಕೇಳಲಿಲ್ಲ

ನಮ್ಮ ಶಾಸಕಿ ಶಿವರಂಜಿನಿಯನ್ನು ಯಾರಾದರೂ ಹೊಗಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮುಚ್ಚಿಟ್ಟು ಏನು ಪ್ರಯೋಜನ? ಉಮ್ಮತ್ತೂರಿನ ಕೂಲಿ ಮಲ್ಲಿಗಮ್ಮನ ಮಗಳು ಅವಳು. ಗುಂಡ್ಲುಪೇಟೆಯ ನಮ್ಮ ಸ್ವಯಂಸೇವಾ ಸಂಸ್ಥೆಗೆ ಕೆಲಸ ಕೇಳಿಕೊಂಡು ಬಂದಾಗ ಮೈಕ್ ಹಿಡಿದರೆ ತೊದಲುತ್ತಿದ್ದಳು. ತೆರಕಣಾಂಬಿಯ ಶಾಂತಮಲ್ಲಮ್ಮ, ಅಂದರೆ ನಾನು, ಅವಳನ್ನು ಊರೂರಿಗೆ ಕರೆದುಕೊಂಡು ಹೋಗಿ ಮಹಿಳಾ ಸಂಘ ಕಟ್ಟುವುದನ್ನು ಕಲಿಸಿದೆ. ಅಧಿಕಾರಿಗಳ ಎದುರು ಕುರ್ಚಿ ಎಳೆದುಕೊಂಡು ಕೂರುವುದನ್ನೂ ನಾನೇ ಕಲಿಸಿದ್ದು.

ಕೆಲಸ ಮಾಡಿದಳು, ಇಲ್ಲವೆನ್ನಲಾರೆ. ಶುಂಠಿ ಹೊಲದ ಕೂಲಿಗೆ ಕೇರಳಕ್ಕೆ ಹೋಗುವವರ ಮಕ್ಕಳು ಶಾಲೆ ಬಿಡುತ್ತಾರೆ, ಅವರಿಗೆ ಇಲ್ಲೇ ವಸತಿ ಶಾಲೆ ಬೇಕು ಎಂದು ಹಟ ಹಿಡಿದಳು. ಅವಳ ಪಕ್ಕದಲ್ಲಿ ನಾನೂ ತಾಲ್ಲೂಕು ಕಚೇರಿ ಮುಂದೆ ಬಿಸಿಲಿಗೆ ಕೂತೆ. ಪತ್ರಿಕೆಯ ಫೋಟೋದಲ್ಲಿ ಅವಳ ಮುಖ ಬಂತು, ನನ್ನ ಮೊಣಕೈ ಬಂತು.

ಚುನಾವಣೆ ಹತ್ತಿರವಾದಾಗ ಮೈಸೂರಿನಿಂದ ಪಕ್ಷದವನೊಬ್ಬ ಸಂಸ್ಥೆಗೆ ಬಂದ. ಜನರ ನಡುವೆ ಕೆಲಸ ಮಾಡಿದ ಹೆಂಗಸೇ ಅಭ್ಯರ್ಥಿಯಾಗಬೇಕಂತೆ. ಮೊದಲು ಕೇಳಿದ್ದು ನನ್ನನ್ನೇ.

"ನೀವು ನಿಲ್ತೀರಾ ಮೇಡಂ?"

ಸೆರಗು ಸರಿಮಾಡಿಕೊಂಡೆ. ಆದರೆ ನಮ್ಮ ಕಡೆ ಕೇಳಿದ ತಕ್ಷಣ ಹೂಂ ಅನ್ನುವುದುಂಟೆ? ಎರಡನೇ ಸಲ ಬಡಿಸಲು ಬಂದರೆ ಹಸಿದವರೂ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು ಕೈ ಸರಿಸಿ ಬಡಿಸುತ್ತಾರೆ. ಸಂಘದ ಅಧ್ಯಕ್ಷೆಯನ್ನು ಆರಿಸುವಾಗಲೂ ಅಷ್ಟೆ. ಹೆಸರು ಹೇಳಿಸಿಕೊಂಡವಳು ಒಲ್ಲೆ ಅನ್ನಬೇಕು, ಉಳಿದವರು ಬಲವಂತ ಮಾಡಬೇಕು. ಒಂದೇ ಮಾತಿಗೆ ಒಪ್ಪಿಕೊಂಡವಳನ್ನು ಆಸೆಬುರುಕಿ ಅಂತಾರೆ.

"ಅಯ್ಯೋ, ನಂಗ್ಯಾಕೆ ಬುಡಿ ಸಾರ್" ಅಂದೆ.

ಅವನು ಗಡಿಯಾರ ನೋಡಿಕೊಂಡ. ಪಕ್ಕದಲ್ಲಿದ್ದ ಶಿವರಂಜಿನಿಯ ಕಡೆ ತಿರುಗಿ, "ನೀವು?" ಅಂದ.

"ಆಯ್ತು ಸಾರ್, ನಿಲ್ತೀನಿ" ಅಂದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಗೆದ್ದಳು. ಚೆಂಡುಹೂ ಬಿಡಿಸುವ ಹೆಂಗಸರಿಗೂ ಗಂಡಸರಷ್ಟೇ ಕೂಲಿ ಸಿಗಬೇಕೆಂದು ವಿಧಾನಸಭೆಯಲ್ಲಿ ಜಗಳ ತೆಗೆದಳು. ಟಿ.ವಿ. ನೋಡುತ್ತಾ, ಎಲ್ಲಾದರೂ ಒಂದು ಕಡೆ ತೊದಲಲಿ ಎಂದು ಕಾದೆ. ತೊದಲಲಿಲ್ಲ. ಮೈಸೂರಿನವನಿಗೆ ನನ್ನ 'ಒಲ್ಲೆ' ಅರ್ಥವಾಗಲಿಲ್ಲ ಸರಿ, ಇವಳಿಗೂ ಆಗಲಿಲ್ಲವೇ? ಆಗಲಿಲ್ಲ ಅಂತ ಅವಳು ಒಂದು ಮಾತು ಹೇಳಿದರೆ ಸಾಕಿತ್ತು, ನಾವು ಮತ್ತೆ ಮೊದಲಿನ ಹಾಗೆ ಇರಬಹುದಿತ್ತು.

ಮೊನ್ನೆ ಆ ವಸತಿ ಶಾಲೆಯ ಉದ್ಘಾಟನೆ ಮುಗಿಸಿ ನಮ್ಮ ಮನೆಗೆ ಬಂದಳು. ಕಾಫಿ ಕೊಟ್ಟು ಕೇಳಿಯೇಬಿಟ್ಟೆ.

"ಅವತ್ತು ನಾ ಮರ್ವಾದೆಗೆ ಬ್ಯಾಡ ಅಂದದ್ದು ನಿಂಗೆ ಗೊತ್ತಾಗ್ನಿಲ್ವೇನಮ್ಮಿ?"

"ಗೊತ್ತಾಯ್ತು ಶಾಂತಕ್ಕ."

"ಮತ್ತೆ? ಇನ್ನೊಂದ್ ಸಲ ಕೇಳಿ ಅಂತ ಅವನ್ಗೆ ಯಾಕ್ ಏಳ್ನಿಲ್ಲ?"

ಲೋಟ ಕೆಳಗಿಟ್ಟಳು. "ಕೇಳಿದ್ರೆ ನೀವು ಒಪ್ಕಬುಡ್ತಿದ್ರಿ. ನಂಗೂ ಬೇಕಾಗಿತ್ತು ಅಕ್ಕ."

ಇಷ್ಟು ವರ್ಷ ಅವಳ ಕಾರು, ಹಾರ, ಕುರ್ಚಿ ಕಂಡು ಕರುಬಿದ್ದೆ. ಈಗ ಅವಳು ನನ್ನ ಮನೆಯಲ್ಲೇ ಕೂತು, ತಲೆ ತಗ್ಗಿಸದೆ, ಬೇಕಾಗಿತ್ತು ಅಂದಿದ್ದಳು. ಆ ಮಾತು ನನ್ನ ಬಾಯಲ್ಲಿ ಇವತ್ತಿಗೂ ಬಂದಿಲ್ಲ. ಆ ಗಳಿಗೆಯಲ್ಲಿ ಆದಷ್ಟು ಹೊಟ್ಟೆಕಿಚ್ಚು ನನಗೆ ಅವಳು ಗೆದ್ದ ದಿನವೂ ಆಗಿರಲಿಲ್ಲ.