ಟೇಪಕ್ಕನ ಕೋಣೆಯ ಹಾಡುಗಳು

ಅವಳ ನಿಜವಾದ ಹೆಸರು ಬೇರೆ. ಹಾಡನ್ನು ಟೇಪಿಗೆ ಇಳಿಸುವ ಕಾಲದಲ್ಲಿ ಕೆಲಸಕ್ಕೆ ಕೂತವಳಾದ್ದರಿಂದ ಊರೆಲ್ಲ ಟೇಪಕ್ಕ ಎಂದಿತು. ಟೇಪು ಹೋಗಿ ಕಂಪ್ಯೂಟರ್ ಬಂದರೂ ಹೆಸರು ಹೋಗಲಿಲ್ಲ. ದರ್ಜಿ ಅಂಗಡಿಯ ಪಕ್ಕದ ಇಕ್ಕಟ್ಟು ಮೆಟ್ಟಿಲು ಹತ್ತಿದರೆ ಹಸಿರು ಬಾಗಿಲು. ಒಳಗೆ ಗೋಡೆಗೆಲ್ಲ ಹಳೇ ಹಾಸಿಗೆಯ ಸ್ಪಂಜು ಅಂಟಿಸಿದ ಕೋಣೆ, ಗಾಜಿನಾಚೆ ಒಂದು ಮೈಕು. ಆ ಊರಿನ ರ‍್ಯಾಪ್ ಹಾಡುಗಾರರೆಲ್ಲ ಬಾಯಿ ಬಿಟ್ಟದ್ದು ಆ ಮೈಕಿನ ಮುಂದೆಯೇ.

ಮೊದಲು ಬಾಯಿ ಬಿಟ್ಟವನು ಅವಳ ತಮ್ಮ. ಕೆಲಸ ಸಿಟಿ ಬಸ್ಸಿನ ಡ್ರೈವರ್. ವೇದಿಕೆ ಹತ್ತಿದರೆ ಗುಡುಗು. 'ನಲ್ಲಿ ಬಂತು, ನೀರು ಬರಲಿಲ್ಲ. ಲೀಡರ್ ಬಂದ, ಮುಖ ತೊಳೀಲಿಲ್ಲ' ಎಂದು ಶುರು ಮಾಡಿದನೆಂದರೆ ಇಡೀ ಬೀದಿ ಕುಣಿಯುತ್ತಿತ್ತು. ಆ ಕಾಲದ ಹಾಡುಗಳಲ್ಲಿ 'ನಾವು' ಎಂಬ ಮಾತೇ ಹೆಚ್ಚು: ನಮ್ಮ ಓಣಿ, ನಮ್ಮ ಬಾಡಿಗೆ, ನಮ್ಮನ್ನು ತಡೆದ ಪೊಲೀಸು. ಎದುರಾಳಿಯನ್ನು ಮಾತಿನಲ್ಲೇ ತುಂಡು ತುಂಡು ಮಾಡಿ, ಕೆಳಗಿಳಿದು ಅವನ ಜತೆಯೇ ಚಹಾ ಕುಡಿಯುವುದು ರೂಢಿ.

ಆಮೇಲೆ 'ನಾನು' ಬಂತು. ನನ್ನ ಚೈನು, ನನ್ನ ಕಾರು, ನನ್ನ ಹಿಂದೆ ಬಿದ್ದ ಹುಡುಗಿಯರು. ಕಾರಿನ ಹಾಡು ಹಾಡಿದವನೇ ಬಸ್ಸು ತಪ್ಪೀತೆಂದು ಹೆಡ್‌ಫೋನ್ ಕಿತ್ತಿಟ್ಟು ಓಡುತ್ತಿದ್ದ. ಟೇಪಕ್ಕ ನಗುತ್ತಿದ್ದಳು. ಬಡಾಯಿಯಿಂದ ಯಾರ ಮೈಗೂ ಗಾಯವಾಗುವುದಿಲ್ಲವಲ್ಲ.

ನಗು ನಿಂತದ್ದು 'ನೀನು' ಬಂದಾಗ. ಈ ಹೊಸಬರು ಕೂಗಾಡುತ್ತಿರಲಿಲ್ಲ. ಹವಾಮಾನ ವರದಿ ಓದಿದಷ್ಟು ತಣ್ಣಗೆ ಹೇಳುತ್ತಿದ್ದರು: ನಿನ್ನ ಬೀದಿ ಗೊತ್ತು, ನೀನು ಗಾಡಿ ನಿಲ್ಲಿಸೋ ಜಾಗ ಗೊತ್ತು. ಆ 'ನೀನು' ಯಾರೆಂದು ಕೇಳುವವರಿಗೆಲ್ಲ ತಿಳಿದಿರುತ್ತಿತ್ತು. ಹಾಡಿನ ಹಿಂದೆಯೇ ಏನಾದರೂ ನಡೆದರೆ ಯಾರೂ ಬೆಚ್ಚುತ್ತಿರಲಿಲ್ಲ.

ತಮ್ಮನ ಮಗಳು ಈ ಕಾಲದವಳು. ಹಗಲು ಮೊಬೈಲ್ ಅಂಗಡಿಯಲ್ಲಿ ಕೆಲಸ. ಹಾಡಿನಲ್ಲಿ ಅವಳ ಹೆಸರು ಮುಳ್ಳು. ರೈಲು ಹಳಿಯಾಚೆಯ ಗುಂಪಿನ ಹಾಡುಗಾರನೊಬ್ಬ ಜಗಳದಲ್ಲಿ ಚೂರಿ ತಿವಿಸಿಕೊಂಡು ಸತ್ತಿದ್ದ. ಅವನು ನೆಲಕ್ಕೆ ಬಿದ್ದ ರೀತಿಯನ್ನು ಅಣಕಿಸಿ ಅವಳು ಒಂದು ಸಾಲು ಕಟ್ಟಿ ತಂದಳು. ಸತ್ತವನಿಗೂ ತಾಯಿ ಇರುತ್ತಾಳೆ, ಆ ಸಾಲು ಬೇಡ ಎಂದಳು ಟೇಪಕ್ಕ.

"ಅದನ್ನ ತೆಗೆದ್ರೆ ಹಾಡಲ್ಲಿ ಏನಿದೆ ಅತ್ತೆ? ಅದಕ್ಕೇ ತಾನೇ ಎಲ್ಲರೂ ಕೇಳೋದು."

ಟೇಪಕ್ಕ ರೆಕಾರ್ಡಿಂಗ್ ಗುಂಡಿ ಒತ್ತಿದಳು. ಬೇಡವೆಂದರೆ ಇನ್ನೆಲ್ಲೋ ಹೋಗಿ ಹಾಡುತ್ತಾಳೆ, ಇಲ್ಲಿದ್ದರೆ ಕಣ್ಣೆದುರಿಗಾದರೂ ಇರುತ್ತಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹಳಿಯಾಚೆಯ ಉತ್ತರ ಬೇಗ ಬಂತು. ಅದರಲ್ಲಿ ಬೈಗುಳ ಒಂದೂ ಇರಲಿಲ್ಲ. ದರ್ಜಿ ಅಂಗಡಿ ಇತ್ತು, ಮೆಟ್ಟಿಲಿತ್ತು, ಹಸಿರು ಬಾಗಿಲಿತ್ತು.

ತಮ್ಮ ಅದನ್ನು ಕೇಳಿ ಬಿದ್ದು ಬಿದ್ದು ನಕ್ಕ. ನಮ್ಮ ಕಾಲದಲ್ಲಿ ಹಾಡಿನಲ್ಲಿ ಎಷ್ಟು ಹೆಣ ಬಿದ್ದಿಲ್ಲ, ಹಿರಿಯರು ಹೋಗಿ ಕೂತು ಮಾತಾಡಿದರೆ ಮುಗಿಯುತ್ತದೆ ಎಂದ.

"ನೀವು ಹಾಡಿದ್ದು ಬರೀ ಮಾತು ಕಣೋ," ಎಂದಳು ಟೇಪಕ್ಕ. "ಇವರು ಹಾಡ್ತಿರೋದು ವಿಳಾಸ."

ಅವನು ಕೇಳಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಳಿ ದಾಟಿದ. ಅವರು ಕುರ್ಚಿ ಹಾಕಿದರಂತೆ, ಅಂಕಲ್ ಎಂದರಂತೆ, ಅವನ ಹಳೇ ಹಾಡು ಗೊತ್ತು ಎಂದರಂತೆ. ಎಷ್ಟು ಒಳ್ಳೇ ಹುಡುಗರು ಎಂದು ಹೊಗಳುತ್ತ ಮರಳಿದ. ಅಷ್ಟು ಮರ್ಯಾದೆ ಕೊಟ್ಟರೆಂದು ಕೇಳಿಯೇ ಟೇಪಕ್ಕ ಎದ್ದು ಬಾಗಿಲ ಚಿಲಕ ಹಾಕಿದಳು.

ಹಳಿಯಾಚೆಯವರ ಮುಂದಿನ ಹಾಡು ಶುರುವಾದದ್ದೇ ಅವನ ದನಿಯಿಂದ. "ಚಿಕ್ಕವಳು, ಬಿಟ್ಬಿಡಪ್ಪಾ..." ಆ ಭಾನುವಾರ ಗುಟ್ಟಾಗಿ ಫೋನಿನಲ್ಲಿ ಹಿಡಿದುಕೊಂಡಿದ್ದ ಆ ಮಾತನ್ನು ಕತ್ತರಿಸಿ, ತಾಳಕ್ಕೆ ಕೂರಿಸಿ, ಪಲ್ಲವಿ ಮಾಡಿದ್ದರು. ಬಿಟ್ಬಿಡಪ್ಪಾ, ಬಿಟ್ಬಿಡಪ್ಪಾ. ಕೆಲಸ ಅಚ್ಚುಕಟ್ಟಾಗಿತ್ತು, ಎಲ್ಲಿ ಕತ್ತರಿಸಿದ್ದಾರೆಂದು ಟೇಪಕ್ಕನ ಕಿವಿಗೂ ಸಿಗಲಿಲ್ಲ. ಹಾಡು ಊರು ತುಂಬಾ ಹಬ್ಬಿತು. ಅವನದೇ ಬಸ್ಸಿನಲ್ಲಿ ಪ್ರಯಾಣಿಕರು ಅದನ್ನು ಹಾಕಿಕೊಂಡು ಕೂತರು. ಗುಡುಗು ಎನಿಸಿಕೊಂಡವನು ಮನೆಯಲ್ಲಿ ಉಪ್ಪು ಬೇಕಾದರೂ ಬಾಯಿ ಬಿಡದೆ ಕೈ ತೋರಿಸತೊಡಗಿದ.

ಅಲ್ಲಿಂದ ಮುಂದೆ ಹಳಿಯಾಚೆಯ ಇಬ್ಬರು ಹುಡುಗರು ದಿನಾ ಬೆಳಿಗ್ಗೆ ಅವನ ಬಸ್ಸು ಹತ್ತಿದರು. ಡ್ರೈವರ್ ಸೀಟಿನ ಹಿಂದೆಯೇ ಕೂತು, ಕೊನೇ ಸ್ಟಾಪಿನವರೆಗೆ ಬಂದು, ಒಂದು ಮಾತೂ ಆಡದೆ ಇಳಿದು ಹೋಗುತ್ತಿದ್ದರು. ಪೊಲೀಸರಿಗೆ ಹೇಳಿದ್ದಕ್ಕೆ, ಟಿಕೆಟ್ ತಗೊಂಡು ಕೂತವರನ್ನು ಏನೆಂದು ಹಿಡಿಯೋಣ ಎಂದರು.

ಮಗಳಿಗೆ ಮಾತ್ರ ಉತ್ತರ ಕೊಡುವ ಹಟ. ಅಪ್ಪನ ಮಾನ ಹೋಯಿತು, ಸುಮ್ಮನಿದ್ದರೆ ತಾನು ಸತ್ತಂತೆಯೇ ಎಂದು ಹೇಳಿಕೊಂಡು ಟೇಪಕ್ಕನ ಕೋಣೆಗೆ ಬಂದಳು. ಟೇಪಕ್ಕ ಈ ಸಲ ಗುಂಡಿ ಒತ್ತಲಾರೆ ಎಂದಳು. ಅತ್ತೆ, ಸೊಸೆ ಇಬ್ಬರೂ ಗಾಜಿನ ಆಚೆ ಈಚೆ ಮುಖ ಊದಿಸಿಕೊಂಡು ಕೂತಿದ್ದಾಗ ಫೋನು ಬಂತು. ಬಸ್ಸನ್ನು ದಾರಿಯಲ್ಲೇ ನಿಲ್ಲಿಸಿ ತಮ್ಮ ಮಾತಾಡುತ್ತಿದ್ದ.

"ಅಕ್ಕ, ಇವತ್ತು ಅವರಿಬ್ಬರು ಹತ್ತಲಿಲ್ಲ."

ಟೇಪಕ್ಕ ಹುಡುಗಿಯ ರಟ್ಟೆ ಹಿಡಿದು ಮೆಟ್ಟಿಲಿಳಿದಳು. ದರ್ಜಿ ಇಬ್ಬರನ್ನೂ ನೇತುಹಾಕಿದ ಬಟ್ಟೆಗಳ ಹಿಂದೆ ತಳ್ಳಿ, ಮಷಿನ್ ತುಳಿಯುತ್ತಲೇ ಕೂತ. ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಕಾಲ ಸದ್ದು. ಬಾಗಿಲು ಮುರಿದದ್ದು, ಗಾಜು ಬಿದ್ದದ್ದು, ಭಾರವಾದ ಏನನ್ನೋ ಎತ್ತಿ ಕುಕ್ಕಿದ್ದು, ಎಲ್ಲ ತಲೆ ಮೇಲೆಯೇ ಕೇಳಿಸಿತು. ಆಮೇಲೆ ಒಬ್ಬ ಕೆಳಗೆ ಬಂದು ಅಂಗಡಿ ಮುಂದೆ ನಿಂತ.

"ಮೇಲಿನೋರು ಯಾವಾಗ ಸಿಗ್ತಾರೆ?"

ದರ್ಜಿ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗೊತ್ತಿಲ್ಲವೆಂದು ತಲೆಯಾಡಿಸಿದ. ಬಟ್ಟೆಗಳ ಹಿಂದೆ ಹುಡುಗಿ ಅತ್ತೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು. ಅಂಗಡಿ ಮುಂದೆ ನಿಂತವನದು ಹಳಿಯಾಚೆಯ ಹಾಡಿನಲ್ಲಿ ಕೇಳಿದ ದನಿಯೇ; ಒಂದು ಎಳೆಯೂ ಏರದ, ಇಳಿಯದ ದನಿ.

ಹುಡುಗಿ ಆ ದಿನವೇ ತನ್ನ ಹಾಡನ್ನು ನೆಟ್ಟಿನಿಂದ ತೆಗೆದುಹಾಕಿದಳು, ಆದರೆ ಅಷ್ಟರಲ್ಲಿ ಅದು ಸಾವಿರ ಫೋನು ಸೇರಿತ್ತು. ಈಗ ಅವಳು ದೂರದ ಊರಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು, ಔಷಧಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಹಾಡುವುದಿಲ್ಲ. ತಮ್ಮ ಸ್ಟೀರಿಂಗ್ ಬಿಟ್ಟು ಡಿಪೋದೊಳಗಿನ ಕೆಲಸ ಕೇಳಿ ಪಡೆದ. ಟೇಪಕ್ಕ ಕೋಣೆಗೆ ಕಬ್ಬಿಣದ ಬಾಗಿಲು ಹಾಕಿಸಿ, ಅಂಗಡಿಗಳ ಜಾಹೀರಾತಿಗೆ ದನಿ ಹಿಡಿದುಕೊಡುತ್ತಾಳೆ. ಹಳಿಯಾಚೆಯವರನ್ನು ಯಾರೂ ಹಿಡಿಯಲಿಲ್ಲ.

ಮೊನ್ನೆ ಅಕ್ಕ, ತಮ್ಮ ಚಹಾ ಅಂಗಡಿಯಲ್ಲಿ ಕೂತಿದ್ದಾಗ ಪಕ್ಕದ ಮೇಜಿನ ಕಾಲೇಜು ಹುಡುಗಿಯೊಬ್ಬಳ ಫೋನಿನಿಂದ ಆ ಬಿಟ್ಬಿಡಪ್ಪಾ ಪಲ್ಲವಿ ಎದ್ದಿತು. ಗೆಳತಿ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿದಳು. ನಿಲ್ಲಿಸಿ ಎನ್ನಲು ಟೇಪಕ್ಕ ಏಳಹೋದಳು. ತಮ್ಮ ಅವಳ ಮಣಿಕಟ್ಟು ಹಿಡಿದು ಕೂರಿಸಿದ. ಇಬ್ಬರೂ ಕೊನೆಯವರೆಗೆ ಕೇಳಿದರು. ಹಾಡು ಮುಗಿಯಿತು. ಹುಡುಗಿ ಮತ್ತೆ ಮೊದಲಿಂದ ಹಾಕಿದಳು.