ಬೇಜಾರಾಗ್ತದೆ ಅಂತ

ಮೂಡುಬಿದಿರೆಯ ಕಾಲೇಜಿನಲ್ಲಿ ನಾನು ಕಲಿಸುವುದು ತಂಡವಾಗಿ ಸಾಫ್ಟ್‌ವೇರ್ ಕಟ್ಟುವ ಕೆಲಸವನ್ನು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ, ತಪ್ಪಿದ್ದರೆ ತೋರಿಸಿ, ಆಮೇಲೆಯೇ ಅದು ತಂಡದ ಕೋಡಿಗೆ ಸೇರಬೇಕು ಎಂಬುದು ನನ್ನ ನಿಯಮ. ನನ್ನ ತರಗತಿಯ ಮಕ್ಕಳು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಕೋಡ್ ತೆರೆಯುತ್ತಾರೆ, ‘ಗುಡ್’ ಎಂದು ಬರೆಯುತ್ತಾರೆ, ಹೆಬ್ಬೆರಳಿನ ಚಿತ್ರ ಹಾಕುತ್ತಾರೆ. ಮದುವೆ ಊಟದಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೂ ಯಾರೂ ಬಾಯಿ ಬಿಡುವುದಿಲ್ಲವಲ್ಲ, ಹಾಗೆ. ಆ ಹೆಬ್ಬೆರಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಈ ವರ್ಷ ಒಂದು ತಂಡಕ್ಕೆ ನಮ್ಮೂರಿನ ಕೆಲಸವನ್ನೇ ಕೊಟ್ಟಿದ್ದೆ. ನನ್ನ ಮನೆ ಬಂಟ್ವಾಳದಲ್ಲಿ. ಮಳೆಗಾಲದಲ್ಲಿ ನೇತ್ರಾವತಿ ತುಂಬಿದರೆ ಕೆಳಗಿನ ಪೇಟೆಯವರು ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕಿ ಕಾಯುತ್ತಾರೆ. ಹೊಳೆಬದಿಯಲ್ಲಿ ಒಬ್ಬರು ನೀರಿನ ಮಟ್ಟ ನೋಡಿ ಮೊಬೈಲಿನಲ್ಲಿ ಹಾಕಿದರೆ ಅಂಗಡಿಯವರಿಗೆಲ್ಲ ಸಂದೇಶ ಹೋಗಬೇಕು: ‘ಸಾಮಾನು ಮೇಲಿಡಿ’ ಅಥವಾ ‘ನೀರು ಇಳಿಯುತ್ತಿದೆ’. ದಿನಸಿ ಅಂಗಡಿಯ ಯಜಮಾನರೊಬ್ಬರು, “ಮೊದಲು ನನಗೆ ತೋರಿಸಿ. ಸರಿ ಉಂಟಾದರೆ ಉಳಿದವರಿಗೆ ನಾನೇ ಹೇಳ್ತೇನೆ” ಎಂದಿದ್ದರು. ಅವರು ಒಪ್ಪಿದರೆ ಈ ಮಳೆಗಾಲಕ್ಕೇ ಪೇಟೆಗೆಲ್ಲ ಅದು ಸಿಗುತ್ತಿತ್ತು. ನನಗೆ ಅದೊಂದೇ ಆಸೆ.

ತೋರಿಸುವ ಹಿಂದಿನ ದಿನ ತಂಡದ ಹುಡುಗಿಯೊಬ್ಬಳು ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದಳು.

“ಮೇಡಂ, ಅವನ ಕೋಡಿನಲ್ಲಿ ಒಂದು ತಪ್ಪು ಉಂಟು.”

ಅವನೆಂದರೆ ತಂಡದ ಮುಂದಾಳು, ಬೆಳ್ತಂಗಡಿ ಕಡೆಯ ಘಟ್ಟದ ಬುಡದ ಹುಡುಗ, ತರಗತಿಗೇ ಮೊದಲಿಗ. ನೀರು ಏರದಿದ್ದರೆ ಇಳಿಯುತ್ತಿದೆ ಎಂದೇ ಅವನ ಲೆಕ್ಕ. ಅವನ ಊರಿನ ಸಣ್ಣ ತೋಡಿನಲ್ಲಿ ಹಾಗೆಯೇ. ಮಳೆ ಹೊಡೆದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇವಳು ಬಂಟ್ವಾಳದವಳು. ಅಪಾಯದ ಮಟ್ಟಕ್ಕೆ ಬಂದ ಹೊಳೆ ಏರದೆ ಇಳಿಯದೆ ಗಂಟೆಗಟ್ಟಲೆ ನಿಲ್ಲುವುದನ್ನು ನೋಡಿ ಬೆಳೆದವಳು.

“ನಾನು ಸರಿ ಮಾಡಿದ್ದೇನೆ. ಅವನಿಗೆ ಹೇಳ್ಬೇಡಿ ಮೇಡಂ, ಬೇಜಾರಾಗ್ತದೆ. ಮೊದಲ ವರ್ಷ ನನಗೆ ಕೋಡಿಂಗ್ ಹೇಳಿಕೊಟ್ಟದ್ದೇ ಅವ.”

ಅವಳ ತಿದ್ದುಪಡಿಗೂ ತಂಡದ ಇನ್ನೊಬ್ಬ ಓದದೆಯೇ ಹೆಬ್ಬೆರಳು ಎತ್ತಿದ್ದ.

“ನಾನು ಹೇಳುದಿಲ್ಲ. ನೀನೇ ಹೇಳ್ಬೇಕು, ಇವತ್ತೇ.”

“ಹೇಳ್ತೇನೆ” ಎಂದಳು, ಮೆಟ್ಟಿಲು ನೋಡುತ್ತ.

ಬಸ್ಸಿನಲ್ಲಿ ಕೂತರೂ ಸಮಾಧಾನವಿರಲಿಲ್ಲ. ಹೇಳಿದಳೋ ಇಲ್ಲವೋ? ಫೋನ್ ಕೈಗೆತ್ತಿಕೊಳ್ಳುವುದು, ಮತ್ತೆ ಚೀಲಕ್ಕೆ ಹಾಕುವುದು. ನಾನು ಕೇಳಿದರೆ ಅದು ನನ್ನ ಮಾತಾಗುತ್ತದೆ, ಅವಳ ಮಾತಾಗುವುದಿಲ್ಲ. ಮರುದಿನ ಬೆಳಿಗ್ಗೆ ದೋಸೆ ಕರಕಲು ಮಾಡಿದೆ, ಮನೆಯವರ ಮೇಲೆ ಸುಮ್ಮನೆ ರೇಗಿದೆ. ಪೇಟೆಯಲ್ಲಿ ಮಕ್ಕಳನ್ನು ಕಂಡಾಗ ಮೊದಲು ನೋಡಿದ್ದು ಅವಳ ಮುಖವನ್ನು. ಅವಳು ನನ್ನತ್ತ ನೋಡಲಿಲ್ಲ.

ಅಂಗಡಿಯಲ್ಲಿ ಅಪಾಯದ ಮಟ್ಟ ಹಾಕಿದ ಕೂಡಲೇ ಯಜಮಾನರ ಫೋನಿಗೆ ‘ಸಾಮಾನು ಮೇಲಿಡಿ’ ಬಂತು. ಅವರಿಗೆ ಖುಷಿಯಾಯಿತು.

“ಅದನ್ನೇ ಇನ್ನೊಮ್ಮೆ ಹಾಕಿ. ನೀರು ಹಾಗೇ ನಿಂತಿದೆ ಅಂತ ಇಟ್ಟುಕೊಳ್ಳುವ.”

‘ನೀರು ಇಳಿಯುತ್ತಿದೆ’ ಎಂದು ಬಂತು.

ಹುಡುಗಿಯ ಮುಖ ಬಿಳಿಚಿತು. ನಡೆದದ್ದು ಇಷ್ಟೇ: ಹೊರಡುವ ಮೊದಲು ಹುಡುಗ ಪರದೆಯ ಬಣ್ಣ ಬದಲಿಸಿ, ತನ್ನ ಲ್ಯಾಪ್‌ಟಾಪಿನ ಹಳೆಯ ಪ್ರತಿಯನ್ನೇ ತಂಡದ ಕೋಡಿನ ಮೇಲೆ ಹಾಕಿದ್ದ. ಅವಳು ತಿದ್ದಿದ್ದು ಅಳಿಸಿಹೋಗಿತ್ತು. ತಿದ್ದಿದ್ದಾಳೆಂದೇ ಅವನಿಗೆ ಗೊತ್ತಿರಲಿಲ್ಲ.

“ಇದನ್ನು ನಂಬಿ ನಾನು ಅಕ್ಕಿ ಕೆಳಗೆ ಇಳಿಸಿದರೆ ಎಂತ ಗತಿ?” ಯಜಮಾನರು ಫೋನನ್ನು ಮೇಜಿನ ಮೇಲೆ ಇಟ್ಟರು. ಬೈಯಲಿಲ್ಲ. “ಈ ಮಳೆಗಾಲಕ್ಕೆ ಬೇಡ ಮೇಡಂ. ಮಕ್ಕಳಿಗೆ ಶರಬತ್ತು ಕೊಡುವ.”

ಶರಬತ್ತು ಕುಡಿದು ಎದ್ದೆವು.

ಬಸ್ ನಿಲ್ದಾಣಕ್ಕೆ ನಡೆದೆವು. ಅಲ್ಲಿ ನಿಂತ ಮೇಲೆ ಅವಳು ತುಳುವಿನಲ್ಲಿ ಅವನಿಗೆ ಎಲ್ಲ ಹೇಳಿದಳು, ನಿಧಾನವಾಗಿ, ನೆಲ ನೋಡುತ್ತ. ಅವನು ಕೆಂಪಾದ. ಅವನೂ ತುಳುವಿನಲ್ಲೇ ಕೇಳಿದ.

“ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ?”

“ನಿನಗೆ ಬೇಜಾರಾಗ್ತದೆ ಅಂತ.”

“ನಿನ್ನೆ ಹೇಳಿದ್ರೆ ನನಗೊಬ್ಬನಿಗೆ ಬೇಜಾರಾಗ್ತಿತ್ತು.”

ಅವಳ ಕಣ್ಣು ತುಂಬಿತು. ನಾನು ನಡುವೆ ಹೋಗಬೇಕೆಂದು ಹೆಜ್ಜೆ ಎತ್ತಿದೆ. ಅಷ್ಟರಲ್ಲಿ ಅವಳು ಮೂಗೊರೆಸಿಕೊಂಡು, ಮೊದಲ ಸಲ ಅವನ ಮುಖ ನೋಡಿ, “ಇನ್ನೊಂದು ಕಡೆಯೂ ತಪ್ಪುಂಟು” ಎಂದಳು.

“ಎಲ್ಲಿ?”

ಅವನು ಅಲ್ಲೇ ಕಲ್ಲುಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದ. ಮೂಡುಬಿದಿರೆಯ ಬಸ್ಸು ಬಂತು, ನಿಂತಿತು, ಹೋಯಿತು. ಇಬ್ಬರೂ ಜೋರು ದನಿಯಲ್ಲಿ ವಾದಿಸುತ್ತಿದ್ದರು. ಬಸ್ಸು ಹೋಯಿತೆಂದು ನಾನು ಅವರಿಗೆ ಹೇಳಲಿಲ್ಲ.