ಮೂರು ಯಂತ್ರಗಳು ಕೇಳಿದ ಮಾತು

ಹಿಡಿದ ಕೆಲಸ ಬಿಡದ ಹೆಂಗಸು ಅವಳು. ವಕೀಲರ ಕಚೇರಿಯಲ್ಲಿ ಭಾಷಾಂತರ ಮಾಡುತ್ತಿದ್ದಳು. ವಕೀಲರ ಹೆಸರಲ್ಲೇ ಬಂದ ಮೇಲ್‌ನ ಫೈಲು ಕಚೇರಿಯ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಮನೆಗೆ ಬಂದು ಮಗಳ ಲ್ಯಾಪ್‌ಟಾಪಿನಲ್ಲಿ ನೋಡಿದಳು, ಅಲ್ಲೂ ಇಲ್ಲ. ಕೊನೆಗೆ ಮೊಬೈಲಿನಲ್ಲಿ ಒತ್ತಿದಳು. ಬಿಳಿ ಪರದೆಯೊಂದು ಮಿನುಗಿ ಹೋಯಿತು. ಫೈಲೇ ಕೆಟ್ಟಿರಬೇಕೆಂದು ಸುಮ್ಮನಾದಳು.

ಕೆಲವು ವಾರಗಳ ಮೇಲೆ, ತಾವು ಕಳಿಸಿರದ ಆ ಮೇಲ್ ಬಗ್ಗೆ ವಕೀಲರಿಗೇ ಅನುಮಾನ ಬಂತು. ಅವರು ಕರೆಸಿದ ಕಂಪ್ಯೂಟರ್ ಪರೀಕ್ಷಕ ಮೂರು ಯಂತ್ರಗಳನ್ನೂ ಮೇಜಿನ ಮೇಲಿಟ್ಟುಕೊಂಡು ನೋಡಿದ.

"ಮೂರರ ಆಪರೇಟಿಂಗ್ ಸಿಸ್ಟಮ್ಮೂ ಬೇರೆ ಬೇರೆ. ಆ ಫೈಲಿನಲ್ಲಿದ್ದ ಗೂಢಚಾರ ಪ್ರೋಗ್ರಾಮು ಮೂರಕ್ಕೂ ಒಂದೊಂದು ವೇಷ ಹಾಕ್ಕೊಂಡು ಹೊಕ್ಕಿದೆ. ಬರೆದದ್ದು ನೋಡುತ್ತೆ, ಮೈಕ್ ಆನ್ ಮಾಡಿ ಆಡಿದ್ದನ್ನೂ ಕೇಳುತ್ತೆ."

"ಮನೇಲಿ ಆಡಿದ್ದೂನಾ?"

"ಫೋನ್ ಎಲ್ಲಿತ್ತೋ ಅಲ್ಲೆಲ್ಲ."

ಅವಳಿಗೆ ನರ್ಸಿನ ನೆನಪಾಯಿತು. ಜೈಲಿನ ಆಸ್ಪತ್ರೆಯಲ್ಲಿ ಸತ್ತ ಕೈದಿಯ ಮೈಮೇಲೆ ಬಾಸುಂಡೆ ಕಂಡಿದ್ದ ಆ ನರ್ಸೇ ವಕೀಲರು ನಡೆಸುತ್ತಿದ್ದ ಮೊಕದ್ದಮೆಯ ಏಕೈಕ ಸಾಕ್ಷಿ. ಹೆದರಿ ಮನೆ ಬದಲಿಸಿದ್ದಳು. ಪಾತ್ರೆ ತೊಳೆಯುತ್ತ ಇವಳು ಗಂಡನ ಹತ್ತಿರ ಬಾಯಿಬಿಟ್ಟಿದ್ದಳು: "ಪಾಪ, ಆ ನರ್ಸು ನಿಮ್ಮ ಅಕ್ಕನ ಮನೆ ಹಿಂದಿನ ಬೀದಿಗೇ ಬಂದಿದಾಳೆ ಕಣ್ರೀ." ಮೊಬೈಲು ಕಿಟಕಿಯ ಕಟ್ಟೆಯ ಮೇಲಿತ್ತು.

ಫೋನ್ ಅಲ್ಲೇ ಬಿಟ್ಟು ನರ್ಸಿನ ಮನೆಗೆ ಹೋಗಲು ಬಸ್ಸು ಹತ್ತಿದಳು. ಅವಳಿಳಿದ ಕಡೆ ಒಬ್ಬ ಗಂಡಸೂ ಇಳಿದ. ಅವನು ಹೂವಿನ ಅಂಗಡಿಗೆ ಹೋದಮೇಲೇ ಅವಳು ಮುಂದೆ ನಡೆದಳು.

ಬಾಗಿಲು ಬೆರಳಗಲ ತೆರೆಯಿತು. ಅವಳು ನಿಂತಲ್ಲೇ ಎಲ್ಲ ಹೇಳಿದಳು.

"ಯಾರಿಗೂ ಹೇಳ್ಬೇಡಿ ಅಂದಿದ್ದೆನಲ್ಲಕ್ಕಾ," ಎಂದಳು ನರ್ಸು.

"ತಪ್ಪಾಯ್ತಮ್ಮ. ಬೈಯೋದು ಆಮೇಲೆ, ಮೊದಲು ಬಟ್ಟೆ ಕಟ್ಟು."

"ಮೊನ್ನೆಯಿಂದ ಎದುರಿಗೆ ಒಂದು ಕಾರು ನಿಲ್ತಿದೆ. ನನಗೇ ಭ್ರಮೆ ಅಂದ್ಕೊಂಡಿದ್ದೆ."

ಇಬ್ಬರೂ ಹಿತ್ತಲ ಬಾಗಿಲಿನಿಂದ ಹೊರಬಿದ್ದರು. ವಕೀಲರು ಬೇರೆಲ್ಲೋ ನೆಲೆ ಹುಡುಕಿಕೊಟ್ಟರು. ಎಲ್ಲೆಂದು ಇವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

"ನನ್ನ ಗೊರಕೆ ಕೇಳಿ ಅವರೂ ನಿದ್ದೆಗೆಟ್ಟಿರ್ತಾರೆ ಬಿಡು," ಎಂದು ಗಂಡ ನಗಿಸಲು ನೋಡಿದ. ಅವಳಿಗೆ ನಗು ಬರಲಿಲ್ಲ. ಹೊಸ ಫೋನನ್ನು ಅಕ್ಕಿ ಡಬ್ಬಿಯಲ್ಲಿಟ್ಟು, ನಲ್ಲಿ ಬಿಟ್ಟುಕೊಂಡು, ಉಪ್ಪು ಮುಗಿದಿದೆ ಎಂಬುದನ್ನೂ ಪಿಸುಗುಟ್ಟುತ್ತಿದ್ದಳು.

ವಿಚಾರಣೆಯ ದಿನ ನರ್ಸು ಬಂದಳು. ಕೋರ್ಟಿನ ಭಾಷೆ ಅವಳಿಗೆ ಬಾರದು. ಭಾಷಾಂತರಕ್ಕೆ ಪಕ್ಕದಲ್ಲಿ ಇವಳೇ ನಿಂತಳು.

"ಈಗಿನ ವಿಳಾಸ?" ನ್ಯಾಯಾಧೀಶರು ಕೇಳಿದರು.

ನರ್ಸು ಇವಳ ಮುಖವನ್ನೇ ದಿಟ್ಟಿಸಿದಳು. "ಹೇಳೋದಿಲ್ಲ."

ಇವಳು ಭಾಷಾಂತರಿಸಿದಳು: "ಹೇಳುವುದಿಲ್ಲವಂತೆ, ಸ್ವಾಮಿ."

ನ್ಯಾಯಾಧೀಶರು ಒತ್ತಾಯ ಮಾಡಲಿಲ್ಲ. ಸಾಕ್ಷ್ಯ ಶುರುವಾಯಿತು.